ಮಳೇಲಿ ಬಿಸಿಬಿಸಿ ಡಿಮ್ ಸಮ್ ತಿನ್ನೋಣ ಅಂತ ಹೋದ್ವಿ, ಬಿಸಿ ಮುಟ್ಟಿಸಿದ್ದು ಬಿಲ್ ಮಾತ್ರ

ಹೋಟೆಲ್ ಹೆಸರು ಬರೆಯಲ್ಲ, ಕೇಳ್ಬೇಡಿ. ಅಲ್ಲಿ ಒಬ್ಬ ಹುಡುಗ ಇದಾನೆ, ಅವನ ಕೆಲ್ಸಕ್ಕೆ ನನ್ನಿಂದ ಕುತ್ತು ಬರೋದು ಬೇಡ, ಯಾಕೆ ಅಂತ ಮುಂದೆ ಓದಿದ್ರೆ ಗೊತ್ತಾಗುತ್ತೆ. ಮಡಿಕೇರಿ ಸುತ್ತಮುತ್ತ ಗುಡ್ಡದ ತುದೀಲಿ ಗಾಜಿನ ಗೋಡೆ ಕಟ್ಟಿ, ಗೇಟಿಂದ ರಿಸೆಪ್ಶನ್‌ವರೆಗೆ ಬ್ಯಾಟರಿ ಗಾಡೀಲಿ ಕೂರಿಸ್ಕೊಂಡು ಹೋಗೋ ಹೋಟೆಲ್‌ಗಳು ಇವೆಯಲ್ಲ, ಅದ್ರಲ್ಲಿ ಒಂದು ಅಂದ್ಕೊಳ್ಳಿ ಸಾಕು.

ಜುಲೈಯಲ್ಲಿ ನಮ್ಮತ್ತೆ ಮಾವನ ಮದುವೆಯಾಗಿ 45 ವರ್ಷ ತುಂಬ್ತು. ನಮ್ದು ಸೋಮವಾರಪೇಟೆ ಕಡೆ, ಸಣ್ಣ ತೋಟ, ಮಳೆಗಾಲದಲ್ಲಿ ಕರೆಂಟೂ ಇರಲ್ಲ ಕೆಲ್ಸದೋರೂ ಬರಲ್ಲ, ಮನೇಲಿ ಕೂತು ಕೂತು ಎಲ್ರಿಗೂ ತಲೆ ಕೆಟ್ಟಿತ್ತು, ಆಗ ನಮ್ಮೋರ ಫೋನಿಗೆ ಒಂದು ಜಾಹೀರಾತು ಬಂತು, ಮಾನ್ಸೂನ್ ಡಿಮ್ ಸಮ್ ಬ್ರಂಚ್, ಪ್ರತಿ ಭಾನುವಾರ 12ರಿಂದ 3.30, ಎಷ್ಟು ಬೇಕಾದ್ರೂ ತಿನ್ನಿ, ಒಬ್ರಿಗೆ 1,950 ಪ್ಲಸ್ ಟ್ಯಾಕ್ಸ್, ಮಕ್ಕಳಿಗೆ ಅರ್ಧ. ಫೋಟೋದಲ್ಲಿ ಬಿದಿರಿನ ಬುಟ್ಟಿಗಳು ಒಂದರ ಮೇಲೊಂದು, ಹಬೆ ಹೊಗೆ ಹೊಗೆಯಾಗಿ ಏಳ್ತಾ ಇದೆ, ಹಿಂದ್ಗಡೆ ಮಂಜು ಮುಸುಕಿದ ಬೆಟ್ಟ. ನೋಡಿದ್ದೇ ತಡ ನಂಗೆ ಬಾಯಲ್ಲಿ ನೀರು. ಅಂದ್ರೆ ತಪ್ಪು ನಂದೂ ಇದೆ, ಹೋಗೋಣ ಹೋಗೋಣ ಅಂತ ಪ್ರಾಣ ತಿಂದಿದ್ದು ನಾನೇ.

ಯಾಕಂದ್ರೆ ಮದುವೆ ಆದ ಹೊಸದ್ರಲ್ಲಿ ನಾವಿಬ್ರೂ ಮೂರು ವರ್ಷ ಸಿಂಗಾಪುರದಲ್ಲಿ ಇದ್ವಿ. ಅಲ್ಲಿ ಪ್ಲಾಜಾ ಸಿಂಗಪುರಾ ಮಾಲಲ್ಲಿ ಟಿಮ್ ಹೋ ವಾನ್ ಅಂತ ಒಂದು ಡಿಮ್ ಸಮ್ ಅಂಗಡಿ, ಹಾಂಗ್ ಕಾಂಗಲ್ಲಿ 2009ರಲ್ಲಿ ಪುಟ್ಟದಾಗಿ ಶುರುವಾಗಿ ಒಳ್ಳೆ ಹೋಟೆಲ್‌ಗಳಿಗೆ ಸ್ಟಾರ್ ಕೊಡೋ ಮಿಶೆಲಿನ್ ಗೈಡಲ್ಲಿ ಮರುವರ್ಷವೇ ಸ್ಟಾರ್ ತಗೊಂಡಿದ್ದು, ಸಿಂಗಾಪುರಕ್ಕೆ ಬಂದಿದ್ದು 2013ರಲ್ಲಿ. ತಿಂಗಳಿಗೊಂದು ಸಲ ಕ್ಯೂ ನಿಂತು ತಿಂತಿದ್ವಿ. ಅಲ್ಲಿ ಬಫೆ ಇಲ್ಲ ಗಿಫೆ ಇಲ್ಲ. ಒಂದು ಚೀಟಿ ಕೊಡ್ತಾರೆ, ಬೇಕಾದ್ದಕ್ಕೆ ಟಿಕ್ ಹಾಕಿ ಕೊಟ್ರೆ ಬುಟ್ಟಿ ಒಲೆಯಿಂದ ಸೀದಾ ಟೇಬಲ್‌ಗೆ, ಒಂದ್ರಲ್ಲಿ ಮೂರೋ ನಾಲ್ಕೋ, ಮುಚ್ಚಳ ತೆಗೆದ್ರೆ ಕನ್ನಡಕ ಮಂಜಾಗ್ಬೇಕು ಹಂಗಿರುತ್ತೆ. ಖಾಲಿಯಾದ್ರೆ ಮುಂದಿನ ಬುಟ್ಟಿ. ಅಷ್ಟೇ ಅದರ ಗುಟ್ಟು.

ಗೊತ್ತಿಲ್ದೋರಿಗೆ ಹೇಳ್ತೀನಿ, ಡಿಮ್ ಸಮ್ ಅಂದ್ರೆ ಚೀನಾದ ದಕ್ಷಿಣದ ಕಡೆ, ಗುವಾಂಗ್‌ಡಾಂಗ್, ಹಾಂಗ್ ಕಾಂಗ್ ಜನ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಚಹಾ ಜೊತೆ ತಿನ್ನೋ ಸಣ್ಣ ಸಣ್ಣ ತಿಂಡಿಗಳು. ಮೋಮೋ ಅಲ್ಲ. ಬೈಲುಕುಪ್ಪೆಲಿ ನಾವು ತಿನ್ನೋ ಮೋಮೋ ಟಿಬೆಟ್‌ನೋರದು, ಮೈದಾ ಕಣಕ, ದಪ್ಪ, ಖಾರದ ಚಟ್ನಿ, ಅದರ ರುಚಿ ಅದಕ್ಕೆ. ಡಿಮ್ ಸಮ್ ಊಟಕ್ಕೆ ಅವ್ರು ಕರೆಯೋದೇ ಯಮ್ ಚಾ ಅಂತ, ಅಂದ್ರೆ ಚಹಾ ಕುಡಿಯೋದು. ಚಹಾ ಮೊದ್ಲು, ತಿಂಡಿ ಆಮೇಲೆ. ಯಾರಾದ್ರೂ ನಿಮ್ಮ ಕಪ್ಪಿಗೆ ಚಹಾ ಸುರಿದ್ರೆ ಮಾತಾಡೋದನ್ನ ನಿಲ್ಲಿಸದೆ ಎರಡು ಬೆರಳಲ್ಲಿ ಮೇಜು ತಟ್ಟಿದ್ರೆ ಥ್ಯಾಂಕ್ಸ್ ಹೇಳ್ದಂಗೆ. ಟೀಪಾಟ್ ಖಾಲಿಯಾದ್ರೆ ಮುಚ್ಚಳ ಸ್ವಲ್ಪ ಓರೆ ಮಾಡಿಟ್ರೆ ಬಂದು ಬಿಸಿನೀರು ತುಂಬಿಸ್ತಾರೆ. ಇದನ್ನೆಲ್ಲ ನಾನು ಕಾರಲ್ಲಿ ಮಾವನಿಗೆ ಹೇಳಿದ್ದೇ ತಪ್ಪಾಯ್ತು ನೋಡಿ.

ಐಗೂರು, ಮಾದಾಪುರ ದಾಟಿ, ಹಟ್ಟಿಹೊಳೆ, ಮಕ್ಕಂದೂರು ಮೇಲೆ ಹೋದ್ವಿ, 2018ರ ಮಳೇಲಿ ಗುಡ್ಡ ಜಾರಿದ ಕಡೆ ಬಂದಾಗೆಲ್ಲ ಅತ್ತೆ ಈಗ್ಲೂ ಕಣ್ಮುಚ್ಚಿ ಇಗ್ಗುತಪ್ಪನ್ನ ನೆನೀತಾರೆ. ಮಾವ ಮಾತ್ರ ದಾರಿಯುದ್ದಕ್ಕೂ ಮೊಣಕಾಲ ಮೇಲೆ ಎರಡು ಬೆರಳಲ್ಲಿ ತಟ್ಟಿ ತಟ್ಟಿ ಪ್ರಾಕ್ಟೀಸ್. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೇಲೆ ಸ್ವೆಟರ್, 74ನೇ ವಯಸ್ಸಲ್ಲಿ ಹೊಸ ವಿದ್ಯೆ ಕಲ್ತ ಖುಷಿ.

ಒಳಗೆ ಹೋದ ತಕ್ಷಣ ಗೊತ್ತಾಯ್ತು ಎಡವಟ್ಟಾಗಿದೆ ಅಂತ. ಹೊರಗಡೆ ಧೋ ಅಂತ ಮಳೆ, ಮೈ ನಡುಗೋ ಚಳಿ, ಒಳಗಡೆ ಏಸಿ ಓಡ್ತಾ ಇದೆ. ಮಡಿಕೇರೀಲಿ, ಜುಲೈಯಲ್ಲಿ, ಏಸಿ! ಗಾಜು ಮಂಜಾಗಬಾರ್ದು, ವ್ಯೂ ಕಾಣ್ಬೇಕು ಅಂತ ಹಾಕಿರ್ತೀವಿ ಮೇಡಮ್ ಅಂದ್ರು. ವ್ಯೂ ಅಂತೂ ಆವತ್ತು ಬರೀ ಬಿಳೀ ಗೋಡೆ, ಈಜುಕೊಳ ಕೂಡ ಕಾಣ್ತಿರ್ಲಿಲ್ಲ. ಅತ್ತೆ ಸೆರಗು ತಲೆ ಮೇಲೆ ಎಳ್ಕೊಂಡ್ರು. ಆಫ್ ಮಾಡಿ ಅಂತ ಎರಡು ಸಲ ಕೇಳಿದ್ವಿ, ಎರಡು ಸಲಾನೂ ಶ್ಯೂರ್ ಮೇಡಮ್ ಅಂದ್ರು, ಆಫ್ ಮಾಡ್ಲಿಲ್ಲ. ಈ ದೊಡ್ಡ ಹೋಟೆಲ್‌ನೋರ ಶ್ಯೂರ್ ಮೇಡಮ್ ಅನ್ನೋದಕ್ಕೂ ನಮ್ಮ ತೋಟದ ಬಾಬು ನಾಳೆ ಬರ್ತೀನಕ್ಕಾ ಅನ್ನೋದಕ್ಕೂ ವ್ಯತ್ಯಾಸ ಏನೂ ಇಲ್ಲ.

ಡಿಮ್ ಸಮ್ ಕೌಂಟರ್ ನೋಡೋಕೆ ಭರ್ಜರಿ. ಬಿದಿರಿನ ಬುಟ್ಟಿಗಳು ಗೋಪುರದ ಥರ, ಆದ್ರೆ ಹತ್ರ ಹೋಗಿ ಎತ್ತಿ ನೋಡಿದ್ರೆ ಎಲ್ಲಾ ಖಾಲಿ, ಬರೀ ಅಲಂಕಾರ. ನಿಜವಾದ ತಿಂಡಿ ಇರೋದು ಕೆಳಗಡೆ, ಮದುವೆ ಛತ್ರಗಳಲ್ಲಿ ಪಲಾವ್ ಇಡ್ತಾರಲ್ಲ ಆ ಸ್ಟೀಲ್ ಮುಚ್ಚಳದ ಉದ್ದನೆ ಬಫೆ ಪಾತ್ರೇಲಿ, ಕೆಳಗೆ ಸಣ್ಣ ದೀಪ ಉರೀತಾ ಇರುತ್ತಲ್ಲ ಅದ್ರಲ್ಲಿ. ಆರು ಪಾತ್ರೆ. ಪ್ರಾನ್ ಹಾರ್ ಗಾವ್, ಚಿಕನ್ ಶು ಮಾಯ್, ಕಾರ್ನ್ ಪಾಲಕ್, ವೆಜ್ ಕ್ರಿಸ್ಟಲ್, ಚಿಕನ್ ಬಾವ್ (ಹೂರಣ ತುಂಬಿ ಹಬೇಲಿ ಬೇಯಿಸೋ ಬನ್), ಆರನೇದು ಪನೀರ್ ಶೆಜ್ವಾನ್ ಡಿಮ್ ಸಮ್. ಆರನೇದರ ಬಗ್ಗೆ ನಾನೇನೂ ಹೇಳಲ್ಲ, ತಿಂದಿಲ್ಲ, ತಿನ್ನೋದೂ ಇಲ್ಲ.

ಹಾರ್ ಗಾವ್‌ದು ಸ್ವಲ್ಪ ವಿವರವಾಗಿ ಹೇಳ್ಬೇಕು. ಇದು ಡಿಮ್ ಸಮ್ ಮಾಡೋರ ಪರೀಕ್ಷೆ ಇದ್ದಂಗೆ, ಹೊಸ ಅಡುಗೆಯವ್ರಿಗೆ ಅಷ್ಟು ಸುಲಭಕ್ಕೆ ಕೈಗೆ ಬರಲ್ಲ. ಗೋಧೀಲಿ ಅಂಟು ತೆಗೆದುಬಿಟ್ಟ ಮೇಲೆ ಉಳಿಯೋ ಬರೀ ಪಿಷ್ಟ, ಅದಕ್ಕೆ ಸ್ವಲ್ಪ ಮರಗೆಣಸಿನ ಪಿಷ್ಟ, ಅದನ್ನ ಕೊತಕೊತ ಕುದಿಯೋ ನೀರಲ್ಲೇ ಕಲಸ್ಬೇಕು, ಬಿಸಿ ಇರೋವಾಗ್ಲೇ ನಾದಿ ತೆಳ್ಳಗೆ ಮಾಡಿ, ಒಳಗೆ ಸಿಗಡಿ ಹೂರಣ ಇಟ್ಟು ಒಂದೇ ಕಡೆಗೆ ನೆರಿಗೆ ಹಿಡೀಬೇಕು, ಸೀರೆ ನೆರಿಗೆ ಹಿಡಿದಂಗೆ, ಏಳು ಎಂಟು ಹತ್ತು ಅಂತ ಎಣಿಸ್ತಾರೆ. ಹಬೇಲಿ ಬೆಂದ ಮೇಲೆ ಕಣಕ ಗಾಜಿನ ಹಂಗೆ ಆಗಿ ಒಳಗಿನ ಸಿಗಡಿ ಗುಲಾಬಿ ಬಣ್ಣದಲ್ಲಿ ಕಾಣುತ್ತೆ. ಅಕ್ಕಿ ಹಿಟ್ಟಿಗೆ ಕುದಿಯೋ ನೀರು ಹಾಕಿ ಉಕ್ಕರಿಸಿ ರೊಟ್ಟಿ ತಟ್ಟೋ ನಮ್ಮೂರಿನ ಹೆಂಗಸರಿಗೆ ಇದನ್ನ ಹೇಳಿಕೊಡೋದು ಬೇಕಿಲ್ಲ, ಲೆಕ್ಕ ಒಂದೇ. ಆದ್ರೆ ಇಂಥ ಕಣಕದ ಆಯಸ್ಸು ಕಮ್ಮಿ. ಒಲೆಯಿಂದ ಇಳಿಸಿ ಹತ್ತು ನಿಮಿಷ ಬಿಟ್ರೆ ಪಿಷ್ಟ ಆರಿ ಬಿಗೀತಾ ಬರುತ್ತೆ, ಬೆಳ್ಳಗಾಗುತ್ತೆ. ಹಾಗಂತ ಬಿಸಿ ಇರ್ಲಿ ಅಂತ ಹಬೇಲೇ ಗಂಟೆಗಟ್ಲೆ ಬಿಟ್ರೆ ಕರಗಿ ಅಂಟಾಗುತ್ತೆ. ಎರಡ್ರ ಮಧ್ಯೆ ಸಿಗೋ ಆ ಐದಾರು ನಿಮಿಷದಲ್ಲಿ ತಿನ್ಬೇಕು.

ಇಲ್ಲಿ ಎರಡೂ ಆಗಿತ್ತು! ಪಾತ್ರೆ ಮುಚ್ಚಳ ಎತ್ತಿದೆ, ಸ್ಟೀಲ್ ಮುಚ್ಚಳದ ಒಳಗಡೆ ಕಟ್ಟಿದ್ದ ನೀರು ಟಪಟಪ ಅಂತ ಅದ್ರ ಮೇಲೇ ಸುರೀತು. ಬಿದಿರಿನ ಮುಚ್ಚಳ ಯಾಕೆ ಇಡ್ತಾರೆ ಅಂದ್ರೆ ಬಿದಿರು ಆ ನೀರನ್ನ ಹೀರ್ಕೊಳುತ್ತೆ, ಅಲಂಕಾರಕ್ಕಲ್ಲ ಸ್ವಾಮಿ. ನಮ್ಮತ್ತೆ ಕಡುಬು ಬೇಯಿಸೋವಾಗ ಮುಚ್ಚಳದ ಕೆಳಗೆ ತೆಳು ಬಟ್ಟೆ ಕಟ್ತಾರಲ್ಲ, ಅದೂ ಇದಕ್ಕೇ. ಸರಿ, ಇಕ್ಕಳದಲ್ಲಿ ಒಂದು ಹಾರ್ ಗಾವ್ ಹಿಡಿದು ಎತ್ತಿದೆ. ತಳ ಕಾಗದಕ್ಕೆ ಕಚ್ಕೊಂಡು ಅಲ್ಲೇ ಉಳೀತು, ಮೇಲಿನ ಟೋಪಿ ಇಕ್ಕಳದಲ್ಲಿ ಬಂತು, ಸಿಗಡಿ ಬೇರೆಯಾಗಿ ಉರುಳಿ ಪಕ್ಕದ ಶು ಮಾಯ್ ಮೇಲೆ ಹೋಗಿ ಕೂತ್ಕೊಳ್ತು. ಮೂರೂ ಸೇರಿಸಿ ತಟ್ಟೆಗೆ ಹಾಕ್ಕೊಂಡೆ, ಇನ್ನೇನ್ ಮಾಡೋದು. ಎರಡನೇದು ಹಂಗೇ. ಮೂರನೇದನ್ನ ಕಾಗದ ಸಮೇತ ಕಿತ್ಕೊಂಡು ಬಂದೆ.

ಟೇಬಲ್ಲಲ್ಲಿ ಅತ್ತೆ ಆ ಕಣಕದ ಚೂರನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ತಿಕ್ಕಿ ನೋಡಿದ್ರು, ಸೀರೆ ಅಂಗಡೀಲಿ ಬಟ್ಟೆ ನೋಡೋ ಹಂಗೆ. "ಇದು ಇವತ್ತಿಂದಲ್ಲ ಕಣವ್ವ" ಅಂದ್ರು. ಬಾಯಿಗೂ ಹಾಕಿರ್ಲಿಲ್ಲ ಇನ್ನೂ. "ಅಂಚು ನೋಡು, ಬಿಳಿ ಬಿಳಿ ಒಡ್ಕೊಂಡಿದೆ, ಫ್ರಿಜ್ಜಲ್ಲಿಟ್ಟ ಕಡುಬು ಮಾರನೇ ದಿನ ಬಿಸಿ ಮಾಡಿದ್ರೆ ಹಿಂಗೇ ಆಗೋದು." ಸಿಗಡಿ ಅಂತೂ ಹಲ್ಲಿಗೆ ಸಿಕ್ಕಿದ್ರೆ ತಾನೆ. ಒಳ್ಳೆ ಹಾರ್ ಗಾವಲ್ಲಿ ಸಿಗಡಿ ಕರಕ್ ಅನ್ಬೇಕು, ಜೊತೆಗೆ ಸಣ್ಣಗೆ ಹೆಚ್ಚಿದ ಕಳಲೆ ಇರುತ್ತೆ, ಸ್ವಲ್ಪ ಹಂದಿ ಕೊಬ್ಬು ಇರುತ್ತೆ, ಅದೇ ರಸ. ಇಲ್ಲಿ ಕಳಲೆ ಬದ್ಲು ಎಲೆಕೋಸು. ಹೊಟ್ಟೆ ಉರಿದಿದ್ದು ಇಲ್ಲಿ ನಂಗೆ. ಹಾಂಗ್ ಕಾಂಗ್‌ನೋನು ಡಬ್ಬಿ ಕಳಲೆ ಹಾಕಿದ್ರೆ ಅರ್ಥ ಆಗುತ್ತೆ, ಜುಲೈ ತಿಂಗಳ ಕೊಡಗಲ್ಲಿ ಕಳಲೆ ಇಲ್ದೆ ಹಾರ್ ಗಾವಾ? ಈ ಮಳೇಲಿ ಬಿದಿರು ಇರೋ ಕಡೆಯೆಲ್ಲ ಮೊಳಕೆ ಬರೋ ಕಾಲ, ಬೈಂಬಳೆ ಕರಿ, ಅಂದ್ರೆ ಕಳಲೆ ಕರಿ, ಮಾಡದ ಮನೆ ಹುಡುಕ್ಬೇಕು, ಹೆಚ್ಚಿ ಎರಡು ಮೂರು ದಿನ ನೀರು ಬದ್ಲಾಯಿಸ್ತಾ ನೆನೆಸಿದ್ರೆ ಕಹಿ ನಂಜು ಹೋಗುತ್ತೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು.

ಶು ಮಾಯ್ ಕಥೆ ಇನ್ನೊಂದು. ಅದು ಅಸಲಿಗೆ ಹಂದಿ ಮಾಂಸ ಮತ್ತೆ ಸಿಗಡಿ ಸೇರಿಸಿ ಮಾಡೋದು, ಹಳದಿ ಕಣಕ, ಮೇಲೆ ಬಾಯಿ ತೆರೆದಿರುತ್ತೆ. ಇಲ್ಲಿ ಬರೀ ಚಿಕನ್ ಖೈಮಾ, ಕೊಬ್ಬಿಲ್ಲ, ರಸ ಇಲ್ಲ, ಒಣಗಿದ ಕಟ್ಲೆಟ್ ಉಂಡೆ ಥರ. ಬಾವ್ ಕೂಡ ಚಿಕನ್, ಕೆಂಪು ಬಣ್ಣ ಹಾಕಿದ ಸಿಹಿ ಗೊಜ್ಜು, ಕಚ್ಚಿದ್ರೆ ಮಧ್ಯೆ ಹಿಟ್ಟು ಹಿಟ್ಟಾಗಿ ಬೇಯದೇ ಇತ್ತು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ, ನೀರು ಇಲ್ಲಿ 100 ಡಿಗ್ರಿ ಮುಟ್ಟೋ ಮುಂಚೆನೇ, ಸುಮಾರು 96ಕ್ಕೇ ಕುದಿಯುತ್ತೆ, ಹಬೆ ಅಡುಗೆಗೆ ಒಂದೆರಡು ನಿಮಿಷ ಜಾಸ್ತಿ ಕೊಡ್ಬೇಕು, ಪ್ಯಾಕೆಟ್ ಮೇಲೆ ಬರೆದಿರೋ ಟೈಮ್ ನೋಡಿ ಇಳಿಸಿದ್ರೆ ಹಿಂಗೇ. ಹಂದಿ ಯಾಕಿಲ್ಲ ಅಂತ ಕೇಳಿದ್ದಕ್ಕೆ ಗೆಸ್ಟ್‌ಗಳು ಪ್ರಿಫರ್ ಮಾಡಲ್ಲ ಸರ್ ಅಂದ್ರು. ಹೊರಗಿಂದ ಬರೋರಲ್ಲಿ ಅರ್ಧ ಜನ ಕೊಡಗಿಗೆ ಬರೋದೇ ಪಂದಿ ಕರಿ ತಿನ್ನೋಕೆ! ಅದೂ ಆ ಕಡೆ ಕೂರ್ಗ್ ಸ್ಪೆಷಲ್ ಅಂತ ಬೋರ್ಡ್ ಹಾಕಿ ಪಂದಿ ಕರಿ ಇಟ್ಟಿದಾರೆ, ಅಂದ್ರೆ ಅಡುಗೆ ಮನೇಲಿ ಹಂದಿ ಇದೆ, ಡಿಮ್ ಸಮ್ ಪಾತ್ರೆವರೆಗೆ ಮಾತ್ರ ನಡ್ಕೊಂಡು ಬಂದಿಲ್ಲ.

ಪಂದಿ ಕರಿ ಪರವಾಗಿಲ್ಲ, ಕಾಚಂಪುಳಿ, ಅಂದ್ರೆ ಕೊಡಗಿನ ಕರೀ ಹುಳಿ, ಹಾಕಿದ್ರು, ಬಣ್ಣ ಕರ್ರಗೆ ಇತ್ತು, ಉಪ್ಪು ಸ್ವಲ್ಪ ಮುಂದೆ. ಅದ್ರ ಜೊತೆ ಇಟ್ಟಿದ್ದ ಕಡಂಬುಟ್ಟು, ಅಂದ್ರೆ ಅಕ್ಕಿ ತರಿ ಉಂಡೆ ಕಡುಬು, ಮಾತ್ರ ಗೋಲಿ. ನಮ್ಮೋರು ತಟ್ಟೇಲಿ ಚಮಚದಲ್ಲಿ ಒತ್ತಿದ್ರು, ಪುಸಕ್ಕನೆ ಜಾರಿ ಮಗಳ ಜ್ಯೂಸ್ ಗ್ಲಾಸಿಗೆ ಹೋಗಿ ಹೊಡೀತು. ಇಲ್ಲಿಗೆ ಮುಗೀತಲ್ಲ ಲೆಕ್ಕ. ಚೀನಾದ ತಿಂಡಿ ಮಾಡೋಕೆ ಬರ್ಲಿಲ್ಲ ಅಂದ್ರೆ ಕ್ಷಮಿಸಬಹುದು, ದೂರದ್ದು. ಕಡಂಬುಟ್ಟುಗೂ ಅದೇ ಗತಿ ಅಂದ್ರೆ ಈ ಅಡುಗೆಮನೆಗೆ ಹಬೇಲಿ ಬೇಯಿಸಿದ್ದನ್ನ ಆರೋ ಮುಂಚೆ ಕೊಡ್ಬೇಕು ಅನ್ನೋದೇ ಗೊತ್ತಿಲ್ಲ. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಕಡುಬು, ಈ ಜಿಲ್ಲೆಯ ಅರ್ಧ ಊಟ ಹಬೇಲೇ ಬೇಯೋದು. ನಮ್ಮ ಪಕ್ಕದ ತೋಟದ ಕೊಡವ ಮನೆಯಲ್ಲಿ ಪುತ್ತರಿ ಸುಗ್ಗಿ ಹಬ್ಬಕ್ಕೆ ಹೋದ್ರೆ ಆ ಆಂಟಿ ನಾವು ಎಲೆ ಮುಂದೆ ಕೂತ ಮೇಲೇ ಪಾತ್ರೆ ಇಳಿಸೋದು, ಮೊದ್ಲೇ ಮಾಡಿಟ್ಟು ತಿರುಗಾ ಬಿಸಿ ಮಾಡಿದ್ದು ನಾನು ನೋಡೇ ಇಲ್ಲ.

ಹ್ಞಾಂ, ಚಹಾ. ಕೂತು ಇಪ್ಪತ್ತು ನಿಮಿಷ ಆದ್ರೂ ಚಹಾ ಸುದ್ದಿ ಇಲ್ಲ. ಕೇಳಿದ್ರೆ, ಚೈನೀಸ್ ಟೀ ಬಫೆಯಲ್ಲಿ ಬರಲ್ಲ ಮೇಡಮ್, ಪಾಟ್‌ಗೆ 350 ಪ್ಲಸ್ ಟ್ಯಾಕ್ಸ್ ಅಂದ್ರು. ಯಾವ ಚಹಾ ಅಂದೆ. ಜಾಸ್ಮಿನ್ ಅಂತ ಒಂದು ಡಬ್ಬ ತೋರ್ಸಿದ್ರು, ಒಳಗೆ ದಾರ ಕಟ್ಟಿದ ಟೀ ಬ್ಯಾಗು. ಬೇಡ ಅಂದ್ವಿ. ಅಷ್ಟ್ರಲ್ಲಿ ವೇಟರ್ ಒಬ್ರು ಬಂದು ಮಾವನ ಗ್ಲಾಸಿಗೆ ನೀರು ಸುರಿದ್ರು, ಮಾವ ಗಂಭೀರವಾಗಿ, ಮುಖದ ಮೇಲೆ ಒಂದು ಕಿರುನಗೆ ಇಟ್ಕೊಂಡು, ಎರಡು ಬೆರಳಲ್ಲಿ ಟಕಟಕ ಅಂತ ಮೇಜು ತಟ್ಟಿದ್ರು. ವೇಟರ್ ಬಿಲ್ ತಂದುಕೊಟ್ರು.

ನಗ್ಬೇಡಿ, ನಿಜವಾಗ್ಲೂ ತಂದುಕೊಟ್ರು. ಎದ್ದು ಹೋಗೋಕೆ ಹೇಳ್ತಿದಾರೆ ಅಂದ್ಕೊಂಡು ಅತ್ತೆ ಚಪ್ಪಲಿ ಹುಡುಕೋಕೆ ಶುರು ಮಾಡಿದ್ರು.

ಕಾಫಿ ಆದ್ರೂ ಕುಡಿಯೋಣ ಅಂತ ಮಾವ ಕೇಳಿದ್ರು, ಅದು ಫ್ರೀ. ಮಿಷಿನ್ನಿಂದ ಬಂತು, ನೊರೆ ಜಾಸ್ತಿ, ಕಾಫಿ ಕಮ್ಮಿ. ದೇಶದ ಕಾಫೀಲಿ ಸುಮಾರು ಮೂರನೇ ಒಂದು ಭಾಗ ಬೆಳೆಯೋ ಜಿಲ್ಲೆ ಇದು, ಆ ಹೋಟೆಲ್ ಕಿಟಕಿಯಿಂದ ಮಂಜಿಲ್ದಿದ್ರೆ ಕಾಣೋದೂ ಕಾಫಿ ತೋಟಾನೇ, ಐವತ್ತು ವರ್ಷ ಗಿಡ ಕಸಿ ಮಾಡಿ ಚಿಗುರು ತೆಗೆದು ಜೀವನ ಮಾಡಿದ ಮನುಷ್ಯನ ಮುಂದೆ ಆ ಕಪ್ ಇಟ್ರಲ್ಲ. ಮಾವ ಒಂದು ಗುಟುಕು ಕುಡಿದು ಏನೂ ಹೇಳ್ದೆ ತಟ್ಟೆ ಮೇಲೆ ಕಪ್ ಇಟ್ಟು ಸ್ವಲ್ಪ ಆಚೆ ತಳ್ಳಿದ್ರು, ಅವರು ಸಿಟ್ಟು ಬಂದ್ರೆ ಮಾಡೋದು ಅಷ್ಟೇ.

ಈಗ ಆ ಹುಡುಗನ ವಿಷ್ಯ. ಮೂಲೇಲಿ ಒಂದು ಲೈವ್ ಕೌಂಟರ್, ಯಾರೂ ಆ ಕಡೆ ಹೋಗ್ತಿರ್ಲಿಲ್ಲ, ಬೋರ್ಡಲ್ಲಿ ರಾಡಿಶ್ ಕೇಕ್ ಅಂತ ಬರೆದಿತ್ತು, ಮೂಲಂಗಿ ಕೇಕ್ ಅಂದ್ರೆ ಯಾರು ತಾನೇ ಹೋಗ್ತಾರೆ ಹೇಳಿ. ಇದು ಡಿಮ್ ಸಮ್‌ನಲ್ಲಿ ಹಳೇ ತಿಂಡಿ, ಲೋ ಬಾಕ್ ಗೋ ಅಂತಾರೆ. ಬಿಳಿ ಮೂಲಂಗಿ ತುರಿದು, ಅಕ್ಕಿ ಹಿಟ್ಟಲ್ಲಿ ಕಲಸಿ, ತಟ್ಟೇಲಿ ಹಬೇಲಿ ಬೇಯಿಸಿ, ಆರಿಸಿ, ಆಮೇಲೆ ಬಿಲ್ಲೆ ಬಿಲ್ಲೆ ಕತ್ತರಿಸಿ ತವಾ ಮೇಲೆ ಎಣ್ಣೇಲಿ ಎರಡೂ ಕಡೆ ಕೆಂಪಗೆ ಹುರಿಯೋದು. ನೋಡಿ, ಆರಿಸಿದ್ರೂ ಕೆಡದೇ ಇರೋ ಡಿಮ್ ಸಮ್ ಇದು, ಆರಿದ್ರೇನೇ ಕತ್ತರಿಸೋಕೆ ಬರೋದು. ಹುಡುಗ ನಾವು ನಿಂತ ಮೇಲೆ ತವಾ ಮೇಲೆ ಹಾಕ್ದ, ಒತ್ಲಿಲ್ಲ, ಅವಸರ ಮಾಡ್ಲಿಲ್ಲ, ಅಂಚು ಗರಿಗರಿ ಆಗೋವರೆಗೂ ಕಾದು ಮಗುಚಿದ. ಮೇಲೆ ಈರುಳ್ಳಿ ಸೊಪ್ಪು, ಪಕ್ಕದಲ್ಲಿ ಅವನೇ ಮಾಡಿದ ಮೆಣಸಿನೆಣ್ಣೆ, ಬೇರೆ ಕಡೆ ಎಲ್ಲಾ ಕೆಚಪ್ಪು, ಮಯೋನೀಸು, ಬಾಟಲಿ ಶೆಜ್ವಾನು. ಹೊರಗೆ ಗರಿಗರಿ, ಒಳಗೆ ಬೆಣ್ಣೆ, ಮೂಲಂಗಿ ವಾಸನೆ ಹದವಾಗಿ. ನಾಲ್ಕು ಸಲ ಹೋದ್ವಿ. ಮೂಲಂಗಿ ಸಾಂಬಾರ್ ಅಂದ್ರೆ ಮೂಗು ಮುಚ್ಚೋ ನನ್ ಮಗಳು ಒಬ್ಳೇ ಆರು ಬಿಲ್ಲೆ ತಿಂದ್ಳು.

ಅತ್ತೆ ಅವನ ಪಕ್ಕ ನಿಂತು ವಿಚಾರಣೆ ಶುರು ಮಾಡಿದ್ರು, ಹಿಟ್ಟೆಷ್ಟು, ಮೂಲಂಗಿ ಎಷ್ಟು, ನೀರು ಹಿಂಡ್ತೀಯಾ, ಎಷ್ಟೊತ್ತು ಬೇಯಿಸ್ತೀಯಪ್ಪ ಅಂತ. ಅವನಿಗೆ ಕನ್ನಡ ಅರ್ಧಂಬರ್ಧ, ಅತ್ತೆಗೆ ಹಿಂದಿ ಬರಲ್ಲ, ಕೈಯಲ್ಲೇ ಎಲ್ಲಾ ಮಾತಾಯ್ತು. ನಾನು ಸುಮ್ನಿರಲಾರದೆ, ಆ ಪಾತ್ರೇಲಿರೋದನ್ನೂ ನೀವೇ ಮಾಡೋದಾ ಅಂದೆ. ಅವನು ಆ ಕಡೆ ನೋಡ್ಲಿಲ್ಲ, ತವಾ ಕೆರೀತಾ, "ಇದು ಇಲ್ಲಿ ಮಾಡಿದ್ದು ಮೇಡಮ್" ಅಂದ. ಇದು ಅನ್ನೋದನ್ನ ಸ್ವಲ್ಪ ಒತ್ತಿ. ಅಷ್ಟೇ. ಇನ್ನೇನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ರು, ನಾನ್ ಹೇಳ್ಲಿಲ್ವಾ ಅನ್ನೋ ಹಂಗೆ.

ಅಲ್ಲಾ, ಇಷ್ಟು ಚೆನ್ನಾಗಿ ಕೈ ಬರೋ ಹುಡುಗನ್ನ ಮೂಲೇಲಿ ನಿಲ್ಲಿಸಿ, ನಡು ಮಧ್ಯೆ ಖಾಲಿ ಬುಟ್ಟಿ ಜೋಡ್ಸಿದಾರಲ್ಲ. ಅವನಿಗೇ ಎರಡು ಹಬೆ ಪಾತ್ರೆ ಕೊಟ್ಟು, ಆರರ ಬದ್ಲು ಮೂರೇ ಬಗೆ ಮಾಡು, ಜನ ಕೇಳಿದಾಗ ಬೇಯಿಸು ಅಂದಿದ್ರೆ ಮುಗೀತಿತ್ತು. ಎಷ್ಟು ಬೇಕಾದ್ರೂ ತಿನ್ನಿ ಅನ್ನೋದೂ ಇರ್ಲಿ, ಚೀಟಿ ಕೊಡಿ, ಟಿಕ್ ಹಾಕ್ತೀವಿ, ಹತ್ತು ನಿಮಿಷ ಕಾಯ್ತೀವಿ, ಕೆಲವು ಊರುಗಳಲ್ಲಿ ಅನ್‌ಲಿಮಿಟೆಡ್ ಡಿಮ್ ಸಮ್ ಹಂಗೇ ಕೊಡೋದು. ಕಾಯೋಕೆ ನಮಗೇನು ಕಷ್ಟ, ಮಳೆ ನೋಡ್ಕೊಂಡು ಕೂರಕ್ಕೇ ತಾನೆ ಬಂದಿರೋದು.

ಸಿಹಿ ಬಗ್ಗೆ ಹೆಚ್ಚು ಹೇಳೋದಿಲ್ಲ. ಎಗ್ ಟಾರ್ಟ್ ಇರುತ್ತೆ ಅಂದ್ಕೊಂಡಿದ್ದೆ, ಇರ್ಲಿಲ್ಲ, ಚಾಕೊಲೇಟ್ ತುಂಬಿದ ಮೋಮೋ ಇತ್ತು. ಮ್ಯಾಂಗೋ ಪುಡಿಂಗ್ ಚೆನ್ನಾಗಿತ್ತು. ಗುಲಾಬ್ ಜಾಮೂನ್ ಜಾಮೂನ್ ಥರಾನೇ ಇತ್ತು.

ಬಿಲ್ಲಿಗೆ ಬರೋಣ. ದೊಡ್ಡೋರು ನಾಲ್ಕು, 7,800, ಮಗಳಿಗೆ 975, ಒಟ್ಟು 8,775. ಅದ್ರ ಮೇಲೆ ಸರ್ವಿಸ್ ಚಾರ್ಜ್ ಅಂತ 10 ಪರ್ಸೆಂಟ್ ಅವರೇ ಸೇರಿಸಿಬಿಟ್ಟಿದ್ರು, ಆ ಸರ್ವಿಸ್ ಚಾರ್ಜ್ ಮೇಲೂ ಜಿಎಸ್‌ಟಿ, ಎಲ್ಲಾ ಸೇರಿ 11,389 ರೂಪಾಯಿ 95 ಪೈಸೆ. ಜಿಎಸ್‌ಟಿ ಬಗ್ಗೆ ಜಗಳ ಆಡೋ ಹಂಗಿಲ್ಲ, ರೂಮ್ ಬಾಡಿಗೆ 7,500 ದಾಟೋ ಇಂಥ ಹೋಟೆಲ್ ಒಳಗೆ ಊಟ ಮಾಡಿದ್ರೆ 18 ಪರ್ಸೆಂಟೇ, ಪೇಟೆ ಮಾಮೂಲಿ ಹೋಟೆಲಲ್ಲಿ 5. ಆದ್ರೆ ಸರ್ವಿಸ್ ಚಾರ್ಜ್ ಬೇರೆ ವಿಷ್ಯ, ಅದನ್ನ ಬಿಲ್ಲಲ್ಲಿ ತಾನಾಗೇ ಸೇರಿಸೋ ಹಂಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಲ್ಲಿ ಅದನ್ನ ಎತ್ತಿಹಿಡಿದಿದೆ. ಬೇಕಿದ್ರೆ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ನಮ್ಮೋರು ಜೋರು ಮಾತಾಡೋ ಜನ ಅಲ್ಲ, ನಿಧಾನಕ್ಕೆ, ಇದನ್ನ ತೆಗೆದುಬಿಡಿ ಅಂದ್ರು. ಮ್ಯಾನೇಜರ್ ಒಂದು ಸಲ ನೋಡಿ, ವಾದ ಮಾಡದೇ ತೆಗೆದ್ರು, ಅಂದ್ರೆ ಗೊತ್ತಿದ್ದೇ ಹಾಕ್ತಾರೆ ಅಂತಾಯ್ತು. ಹೊಸ ಬಿಲ್ 10,354 ರೂಪಾಯಿ 50 ಪೈಸೆ. ಸಾವಿರದ ಮೂವತ್ತೈದು ಉಳೀತು. ಅದ್ರಲ್ಲಿ ಐನೂರು ಆ ಮೂಲೆ ಹುಡುಗನ ಕೈಗೆ ಅತ್ತೆ ಕೊಟ್ರು, ಎಲ್ರೆದುರಿಗೆ ಅಲ್ಲ, ಕೈ ಕುಲುಕೋ ನೆಪದಲ್ಲಿ.

ಮ್ಯಾನೇಜರ್ ಬಗ್ಗೆ ಒಂದು ಮಾತು ಹೇಳ್ಬೇಕು, ಮನುಷ್ಯ ಕೆಟ್ಟೋರಲ್ಲ. ಫೀಡ್‌ಬ್ಯಾಕ್ ಹೇಗಿತ್ತು ಸರ್ ಅಂದಾಗ ನಾವು ಸುಳ್ಳು ಹೇಳ್ಲಿಲ್ಲ, ಹಾರ್ ಗಾವ್ ಕಾಗದಕ್ಕೆ ಅಂಟಿದೆ, ಬಾವ್ ಬೆಂದಿಲ್ಲ, ಕಡಂಬುಟ್ಟು ಗಟ್ಟಿ, ಏಸಿ ಚಳಿ ಅಂತ ಎಲ್ಲಾ ಹೇಳಿದ್ವಿ. ನಿಂತು ಕೇಳಿಸ್ಕೊಂಡ್ರು, ಒಂದು ಪುಸ್ತಕದಲ್ಲಿ ಬರ್ಕೊಂಡ್ರು. ಅತ್ತೆ ಪಕ್ಕದಲ್ಲಿ ನಿಂತು, "ಮುಚ್ಚಳಕ್ಕೆ ಒಂದು ಬಟ್ಟೆ ಕಟ್ಟಿ ಸಾರ್, ಅಷ್ಟಾದ್ರೂ ಮಾಡಿ" ಅಂದ್ರು. ಅದನ್ನೂ ಬರ್ಕೊಂಡ್ರು. ಮದುವೆ ವಾರ್ಷಿಕೋತ್ಸವ ಅಂತ ಗೊತ್ತಾದ ಮೇಲೆ ಒಂದು ಸಣ್ಣ ಕೇಕ್ ತಂದು ಹಾಡು ಹೇಳಿದ್ರು, ಮಾವ ನಾಚ್ಕೊಂಡು ಕೆಂಪಾಗಿಬಿಟ್ರು, ಅದೊಂದು ಫೋಟೋ ಚೆನ್ನಾಗಿ ಬಂದಿದೆ.

ನಂಬರ್ ಕೊಡಿ ಅಂದ್ರೆ ಐದಕ್ಕೆ ಒಂದೂವರೆ. ಒಂದು ಮೂಲಂಗಿಗೆ, ಅರ್ಧ ಪುಡಿಂಗಿಗೆ. ಆ ವ್ಯೂಗೋಸ್ಕರ ಹೋಗೋರಿದ್ರೆ ಮಳೆ ಮುಗಿದ ಮೇಲೆ ಹೋಗಿ, ಬಫೆ ಬೇಡ, ಮೆನು ಕಾರ್ಡ್ ತರಿಸಿ ಬಿಸಿಯಾಗಿ ಮಾಡಿಕೊಡೋಂಥದ್ದು ಏನಾದ್ರೂ ಹೇಳಿ. ಬಫೆಗೇ ಹೋಗ್ತೀನಿ ಅಂತ ಹಟ ಮಾಡೋರು 12 ಗಂಟೆಗೆ ಸರಿಯಾಗಿ ಒಳಗಿರಿ, ಸ್ವೆಟರ್ ಹಾಕ್ಕೊಳ್ಳಿ, ಮೊದ್ಲು ಮೂಲೆ ಕಡೆ ನಡೀರಿ. ಮಕ್ಕಳಿಗೆ ಡಂಪ್ಲಿಂಗ್ ಆಸೆ ಆದ್ರೆ ಕುಶಾಲನಗರ ದಾಟಿ ಬೈಲುಕುಪ್ಪೆಗೆ ಹೋದ್ರೆ ಸಾಕು, ಅದು ಡಿಮ್ ಸಮ್ ಅಲ್ಲ ನಿಜ, ಆದ್ರೆ ಪಾತ್ರೆಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ, ಮಧ್ಯದಲ್ಲಿ ಏಸಿ ಇಲ್ಲ.

ಆ ಮಂಗಳವಾರ ಅತ್ತೆ ಮೂಲಂಗಿ ತುರಿದು ಅಕ್ಕಿ ಹಿಟ್ಟು ಕಲಸಿ ಇಡ್ಲಿ ಪಾತ್ರೇಲಿ ತಟ್ಟೆ ಇಟ್ಟು ಬೇಯಿಸಿದ್ರು. ಮೊದ್ಲನೇ ಸಲ ನೀರು ಜಾಸ್ತಿಯಾಗಿ ಗಂಜಿ ಆಯ್ತು, ಹಸುವಿಗೆ ಹಾಕಿದ್ವಿ. ಎರಡನೇ ಸಲ ಬಿಲ್ಲೆ ಬಂತು, ತುದಿ ಸ್ವಲ್ಪ ಮುರೀತು ಅಷ್ಟೇ. ಮಾವ ಚಹಾ ಕೇಳಿದ್ರು, ಜನ್ಮದಲ್ಲಿ ಮೊದಲ ಸಲ, ಕಾಫಿ ಬಿಟ್ಟು. ನಾನು ಕಪ್ಪಿಗೆ ಸುರಿದೆ, ಎರಡು ಬೆರಳಲ್ಲಿ ಮೇಜು ತಟ್ಟಿದ್ರು.

ಹೊರಡೋವಾಗ ಮ್ಯಾನೇಜರ್ ಕೊಟ್ಟ ವೋಚರ್ ಒಂದಿದೆ, ಮುಂದಿನ ಸಲಕ್ಕೆ 15 ಪರ್ಸೆಂಟ್ ಕಮ್ಮಿ, ಸೋಮವಾರದಿಂದ ಗುರುವಾರದವರೆಗೆ ಮಾತ್ರ, ಭಾನುವಾರದ ಬ್ರಂಚಿಗೆ ನಡೆಯಲ್ಲ. ಕಾರ್ ಡ್ಯಾಶ್‌ಬೋರ್ಡಲ್ಲಿ ಬಿದ್ದಿದೆ, ಬೇಕಾದೋರು ಹೇಳಿ.